ಲಂಡನ್ ಡೈರಿ 17: ಕಲ್ಲುರಾಶಿ ಹಕ್ಕಿ

ಈ ಸಲ ಆಸ್ಪತ್ರೆ ಕತೆ ಇಲ್ಲ, ಹಕ್ಕಿ ಕತೆ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಡೆಪ್ಟ್‌ಫರ್ಡ್ ಕಡೆ ನಡ್ಕೊಂಡು ಬರ್ತಿದ್ದೆ. ಕಟ್ಟಡ ಕೆಡವಿದ ಜಾಗದ ಬೇಲಿ ಮೇಲೆ ಗುಬ್ಬಿಯಷ್ಟೇ ಇರೋ ಒಂದು ಕಪ್ಪು ಹಕ್ಕಿ. ಸುಮ್ಮನೆ ಕೂರೋದೇ ಇಲ್ಲ. ಬಗ್ಗೋದು, ಏಳೋದು, ಇಟ್ಟಿಗೆ ಬಣ್ಣದ ಬಾಲ ನಡುಗಿಸೋದು. ಅರೆ, ಇದು ಚಳಿಗಾಲಕ್ಕೆ ಚಿತ್ರದುರ್ಗದಲ್ಲಿ ನಮ್ಮನೆ ಹಿಂದಿನ ಕಲ್ಲುರಾಶಿಗೆ ಬರೋದೇ ಅಲ್ವಾ! ಬ್ಲ್ಯಾಕ್ ರೆಡ್‌ಸ್ಟಾರ್ಟ್ ಅಂತ ಹೆಸರು. ಊರಲ್ಲಿ ಅದರ 'ಟಿಕ್ ಟಿಕ್' ಬಿಟ್ಟು ಬೇರೆ ಕೇಳಿರಲಿಲ್ಲ. ಇಲ್ಲಿ ಹಾಡ್ತಿತ್ತು. ಮಧ್ಯದಲ್ಲಿ ಒಂದು ಮುಷ್ಟಿ ಜಲ್ಲಿ ಹಿಸುಕಿದ ಹಾಗೆ ಕರಕರ ಸದ್ದು.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ನಮ್ಮದು ಯುಗಾದಿ ಆದ್ಮೇಲೆ ಕಾಣಲಿಲ್ಲ ಕಣೇ, ಅಲ್ಲಿಗೆ ಬಂತಾ?" ಅಂದ್ರು. ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಅವತ್ತಿಂದ ಪ್ರತಿ ಫೋನಲ್ಲೂ ನನ್ನ ಊಟ ಆಯ್ತಾ ಅಂತ ಕೇಳೋ ಮೊದಲೇ ಹಕ್ಕಿ ವಿಚಾರ.

ಆಮೇಲೆ ಓದಿ ನೋಡಿದರೆ ನಾನು ಹೇಳಿದ್ದು ಸುಳ್ಳು. ನಮ್ಮ ಕಡೆ ಬರೋ ಗಂಡಿನ ಹೊಟ್ಟೆ ಕೂಡ ಕೆಂಪು. ಅವು ಬೇಸಿಗೆಗೆ ಹಿಮಾಲಯ, ಟಿಬೆಟ್, ಮಧ್ಯ ಏಷ್ಯಾ ಕಡೆ ಹೋಗಿ ಮರಿ ಮಾಡ್ತವೆ. ಲಂಡನ್ನಿನದಕ್ಕೆ ಕೆಂಪು ಬಾಲದಲ್ಲಿ ಮಾತ್ರ. ಜಾತಿ ಒಂದೇ, ಬಳಗ ಬೇರೆ. ಅಮ್ಮನಿಗೆ ಹೇಳೋಕೆ ಎರಡು ವಾರ ಬೇಕಾಯ್ತು. "ಹೋಗ್ಲಿ ಬಿಡು, ನೆಂಟರೇ ತಾನೇ" ಅಂದ್ರು.

ಇಲ್ಲಿಯ ಕತೆ ಕೇಳಿ. 1926ರಲ್ಲಿ ವೆಂಬ್ಲಿಯ ವಸ್ತುಪ್ರದರ್ಶನ ಮುಗಿದ ಮೇಲೆ, ಅಲ್ಲಿನ ಖಾಲಿ ಕಟ್ಟಡದಲ್ಲಿ ಇವು ಗೂಡು ಕಟ್ಟಿದವು. 1940-41ರಲ್ಲಿ ಜರ್ಮನ್ ಬಾಂಬು ಬಿದ್ದು ಲಂಡನ್ ಹಾಳಾದಾಗ ಆ ಮುರಿದ ಗೋಡೆಗಳೇ ಇವಕ್ಕೆ ಊರಾದವು. ಬಂಡೆ ಸಂದಿಯಲ್ಲಿ ಗೂಡು ಕಟ್ಟೋ ಹಕ್ಕಿಗೆ ಗೋಡೆ ತೂತಾದರೂ ಸಾಕು, ತಿನ್ನೋಕೆ ಹುಳ, ಜೇಡ. ಹಾಳುಜಾಗವೆಲ್ಲ ಫ್ಲ್ಯಾಟ್ ಆಗ್ತಾ ಬಂದು ಈಗ ಇಡೀ ಬ್ರಿಟನ್ನಿನಲ್ಲಿ ಗೂಡು ಕಟ್ಟೋದು 100 ಜೋಡಿಯೂ ಇಲ್ಲ. ಗೂಡಲ್ಲಿರುವಾಗ ಬೇಕಂತ ಕಾಟ ಕೊಟ್ಟರೆ 1981ರ ಕಾಯ್ದೆಯಲ್ಲಿ ಅಪರಾಧ. ಡೆಪ್ಟ್‌ಫರ್ಡ್ ಕಡೆ ಹೊಸ ಕಟ್ಟಡಗಳ ತಾರಸಿ ಮೇಲೆ ಇಟ್ಟಿಗೆ ಚೂರು, ಜಲ್ಲಿ ಹರವಿಟ್ಟಿದ್ದಾರೆ, ಇದೇ ಹಕ್ಕಿಗೋಸ್ಕರ! ನಮ್ಮೂರಲ್ಲಿ ಹೇಳಿದ್ರೆ ನಗ್ತಾರೆ.

ಅಣ್ಣಾ, ಇಷ್ಟೆಲ್ಲ ಬರೆದದ್ದು ನಿನಗೇ. ದೀಪಾವಳಿಯೊಳಗೆ ಕಲ್ಲುರಾಶಿ ತೆಗೆಸಿ ಕಾಂಪೌಂಡ್ ಹಾಕಿಸ್ತೀನಿ ಅಂದ್ಯಂತೆ. ಕಾಂಪೌಂಡ್ ಹಾಕಿಸು, ಬೇಡ ಅನ್ನಲ್ಲ. ಬಾವಿ ಕಡೆ ಮೂಲೆಯಲ್ಲಿ ಒಂದು ಗಾಡಿಯಷ್ಟು ಕಲ್ಲು ಹಾಗೇ ಬಿಡು. ಈ ಸಲ ನನಗೆ ರಜೆ ಸಿಕ್ಕಿಲ್ಲ. ಅದಾದ್ರೂ ಬರಲಿ. ಬಂದ ದಿನ ಅಮ್ಮನ ಹತ್ರ ಫೋಟೋ ತೆಗೆಸಿ ಕಳಿಸು, ಹೊಟ್ಟೆ ಕಾಣೋ ಹಾಗೆ.