ಯಾರ ಸೀಜನ್ನು?

ಗಗನಚುಕ್ಕಿ ನೋಡುವುದಾದರೆ ಜುಲೈ, ಆಗಸ್ಟಿನಲ್ಲೇ ನೋಡಬೇಕು ಅನ್ನುತ್ತಾರೆ. ಕಬಿನಿ, ಕನ್ನಂಬಾಡಿ ತುಂಬಿ ಹರಿದ ನೀರು ಆಗ ಬಂಡೆ ಮೇಲಿಂದ ಭೋರ್ಗರೆಯುತ್ತದೆ. ಬೆಂಗಳೂರಿನ ಕಾರುಗಳು ಸಾಲು ನಿಲ್ಲುತ್ತವೆ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಅಲ್ಲಿ ಜಲಪಾತೋತ್ಸವ ನಡೆಸಿತು. ಅದು ಸೀಜನ್. ನಮ್ಮ ಕಡೆ ಆ ತಿಂಗಳುಗಳಿಗೆ ಬೇರೆ ಹೆಸರಿದೆ, ನಾಟಿ ಕಾಲ. ನಾಲೆಗೆ ನೀರು ಬಿಟ್ಟರೆಂದರೆ ಮಂಡ್ಯ, ಮದ್ದೂರಿನ ಗದ್ದೆಬಯಲಲ್ಲಿ ನಮ್ಮ ಕೇರಿ ಹೆಂಗಸರ ಸೊಂಟ ನೆಟ್ಟಗಾಗುವುದಿಲ್ಲ. ಬಸ್ಸಿನಲ್ಲಿ ಅರ್ಧ ದಿನವೂ ಹಿಡಿಯದ ಜಲಪಾತವನ್ನು ತುಂಬಿದಾಗ ಒಂದು ಸಲವೂ ನೋಡದೆ ಎಷ್ಟೋ ಅವ್ವಂದಿರು ಮಣ್ಣಾದರು.

ನಾವು ಹೋದದ್ದು ಏಪ್ರಿಲ್ ಕೊನೆಯಲ್ಲಿ. ಒಂದು ಹಳೇ ಮೋಟರ್ ಸೈಕಲ್ಲು, ಅದರ ಮೇಲೆ ನಾವಿಬ್ಬರು. ಮೋಟರ್ ಸೈಕಲ್ ಏರಿ ಊರು ಸುತ್ತುವುದು ನಮಗೆ ಬರೀ ಶೋಕಿಯಲ್ಲ. ನಮ್ಮ ಅಪ್ಪಂದಿರು ಗೌಡರ ಬೀದಿ ಬಂದರೆ ಸೈಕಲ್ಲಿಂದ ಇಳಿದು, ಎಕ್ಕಡ ಕೈಲಿ ಹಿಡಿದು, ತಳ್ಳಿಕೊಂಡು ನಡೆದವರು. ನಾವು ಎಲ್ಲೂ ಇಳಿಯಲಿಲ್ಲ. ಇಳಿದದ್ದು ಮದ್ದೂರಿನಲ್ಲಿ, ವಡೆ ತಿನ್ನಲು. ಅಲ್ಲೇ ಶಿವಪುರದಲ್ಲಿ 1938ರಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಏರಿಸಿದರು. ಆ ಬಾವುಟದ ನೆರಳು ಕೇರಿವರೆಗೂ ಬಂತೋ ಇಲ್ಲವೋ, ಅದು ಬೇರೆ ಮಾತು.

ಮಳವಳ್ಳಿಯಲ್ಲಿ ಟೀ ಅಂಗಡಿ ಮುಂದೆ ಕೂತಿದ್ದ ಅಜ್ಜ, "ಈಗ್ಯಾಕ್ರಪ್ಪ ಹೊಂಟ್ರಿ, ಅಲ್ಲಿ ಬರೀ ಬಂಡೆ ಅವೆ" ಅಂದ. "ಬಂಡೇನೇ ನೋಡ್ತೀವಿ ಬುಡಜ್ಜ" ಅಂದೆವು.

ನಿಜಕ್ಕೂ ಬಂಡೆಯೇ. ಕಾದು ಕರ್ರಗಾದ ಬಂಡೆ, ಸಂದಿಯಲ್ಲಿ ಒಂದೆಳೆ ನೀರು, ಒಂದಿಷ್ಟು ಕೋತಿ. ಉಳಿದ ನೀರು ಕಾಲುವೆ ಹಿಡಿದು ಬ್ಲಫಿನ ವಿದ್ಯುತ್ ಮನೆಗೆ ಹೋಗುತ್ತದೆ. ಜಲಪಾತ ಬರಿದಾದಾಗ ಕಣ್ಣು ತಾನಾಗಿ ಆ ಕಡೆ ತಿರುಗುತ್ತದೆ. 1902ರಲ್ಲಿ ಇಲ್ಲಿ ಹುಟ್ಟಿದ ಕರೆಂಟು 90 ಮೈಲಿಗೂ ಹೆಚ್ಚು ದೂರ ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಯಿತು. ಬೇಸಿಗೆಯಲ್ಲೂ ಗಣಿಗೆ ಕರೆಂಟು ತಪ್ಪಬಾರದು ಅನ್ನುವುದು 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಲು ಒಂದು ಕಾರಣ. ಆ ಗಣಿಯ ಆಳಕ್ಕಿಳಿದು ಬಂಡೆ ಒಡೆದವರಲ್ಲಿ ಬಹಳ ಮಂದಿ ತಮಿಳು ಸೀಮೆಯಿಂದ ಬಂದ ದಲಿತರು. 2001ರಲ್ಲಿ ಗಣಿಯೂ ಮುಚ್ಚಿತು. ಜಲಪಾತದ ಜಿಲ್ಲೆಯವರಾದ ನಮ್ಮ ಕೇರಿಗೆ ಮೊದಲ ಬಲ್ಬು ಬಂದದ್ದು ಭಾಗ್ಯಜ್ಯೋತಿ ಲೆಕ್ಕದಲ್ಲಿ, 1980ರ ದಶಕದಲ್ಲಿ. ಮನೆಗೊಂದೇ ಬಲ್ಬು.

ತಿರುಗಿ ಬಂದವರು ಕೇರಿಯಲ್ಲಿ ಮಾತು ತೆಗೆದೆವು. ಈ ಸಲ ನಾಟಿ ನಡುವೆ ಒಂದು ದಿನ ಕೂಲಿ ಬಿಟ್ಟು ಹೆಂಗಸರೆಲ್ಲ ಹೋಗಿ ನೀರು ಬೀಳೋದನ್ನ ನೋಡಿ ಬರಬೇಕು ಅಂತ. ಅವ್ವಂದಿರಲ್ಲಿ ಒಬ್ಬಳು ನಕ್ಕಳು: "ನೀರ ನೋಡಕ್ಕೆ ಅಲ್ಲೀಗಂಟ ಯಾಕ್ರಲಾ? ಮೊಣಕಾಲುದ್ದ ನೀರಲ್ಲೇ ನಿಂತಿರ್ತೀವಲ್ಲ."

ವ್ಯಾನಿನವನ ಹತ್ತಿರ ಬಾಡಿಗೆ ಕೇಳಿದ್ದೇವೆ. ಹನ್ನೆರಡು ಜನರ ಒಂದು ದಿನದ ಕೂಲಿಯನ್ನೂ ಅದಕ್ಕೆ ಸೇರಿಸಿ ಲೆಕ್ಕ ಹಾಕುತ್ತಿದ್ದೇವೆ.