ಗೋಲ್ಕೊಂಡದಲ್ಲಿ ಕಲ್ಲು ಹೋಗಿ ರಾಯಿ ಬಂತು

ಹೈದರಾಬಾದಿಗೆ ಬಂದು ಎರಡು ವರ್ಷವಾದರೂ ಮಗಳು ಶಾಲೆಯಲ್ಲಿ ತೆಲುಗು ಮಾತಾಡಿರಲಿಲ್ಲ. 2018ರ ಕಾಯ್ದೆಯಿಂದ ತೆಲಂಗಾಣದ ಶಾಲೆಗಳಲ್ಲಿ ಹತ್ತನೇ ತರಗತಿವರೆಗೂ ತೆಲುಗು ಕಡ್ಡಾಯ. ಬಾಯಿಪಾಠ ಮಾಡಿ ಅಂಕವೇನೋ ತರುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಈ ಸಲ ವಿಜ್ಞಾನದ ಟೀಚರೂ ತೆಲುಗು ಟೀಚರೂ ಸೇರಿ ‘ಶಬ್ದ’ ಪಾಠದ ಪ್ರಾಜೆಕ್ಟಿಗೆ ಮಕ್ಕಳನ್ನು ಗೋಲ್ಕೊಂಡಕ್ಕೆ ಕರೆದೊಯ್ದರು. ನಾನೂ ಜೊತೆಗಿದ್ದೆ. ಹೆಬ್ಬಾಗಿಲ ಗುಮ್ಮಟದಡಿ ಒಂದು ಗುಂಪು ಚಪ್ಪಾಳೆ ತಟ್ಟಿತು. ಮೇಲೆ ಬಾಲಾ ಹಿಸಾರ್‌ನಲ್ಲಿದ್ದ ನಮಗೆ ಸ್ಪಷ್ಟವಾಗಿ ಕೇಳಿಸಿತು. ದೂರ ಸುಮಾರು ಒಂದು ಕಿಲೋಮೀಟರ್ ಎಂದ ಗೈಡ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಎಷ್ಟು ಹೊತ್ತು? ಅಳತೆ, ಲೆಕ್ಕ, ವರದಿ ಎಲ್ಲ ತೆಲುಗಿನಲ್ಲೇ.

ಮಗಳ ಸರದಿ ಬಂತು. ಕೋಟೆಯ ಗೋಡೆ ‘ಕಲ್ಲಿನದು’ ಎಂದು ತೆಲುಗಿನಲ್ಲಿ ಶುರುಮಾಡಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ತೆಲುಗಿನ ಕಲ್ಲು ಎಂದರೆ ನಮ್ಮ ಕಳ್ಳು, ಸೇಂದಿ! ನಮ್ಮ ಕಲ್ಲು ಅವರಿಗೆ ರಾಯಿ. ಇನ್ನು ಬಾಯಿ ಮುಚ್ಚಿಯೇಬಿಟ್ಟಳು ಎಂದುಕೊಂಡೆ. ಆದರೆ ಅವಳೂ ನಕ್ಕು, ‘ರಾಯಿ, ರಾಯಿ’ ಎಂದು ತಿದ್ದಿಕೊಂಡು, ಮೂರು ಸೆಕೆಂಡಿನ ಲೆಕ್ಕವನ್ನೂ ಒಪ್ಪಿಸಿದಳು.

ರಾತ್ರಿ ರಾಯಚೂರಿನ ಅಜ್ಜಿಗೆ ಫೋನಿನಲ್ಲಿ ಇದೇ ಕಥೆ. ಅಜ್ಜಿಯನ್ನು ನಗಿಸಲು ಅವಳಿಗೆ ಎರಡೂ ಭಾಷೆ ಬೇಕಾದವು.