ಪುರುಸೊತ್ತು

'ಪುರುಸೊತ್ತಿಲ್ಲ' ಎಂಬ ಮಾತನ್ನು ಈಗ ಎರಡನೇ ಕ್ಲಾಸಿನ ಮಕ್ಕಳೂ ಆಡುತ್ತಾರೆ. ಅರಬ್ಬಿಯ 'ಫುರ್ಸತ್' ಹಿಂದೂಸ್ತಾನಿಯ ದಾರಿ ಹಿಡಿದು ಕನ್ನಡಕ್ಕೆ ಬಂದು 'ಪುರುಸೊತ್ತು' ಆಯಿತು. ಬಂದಿದ್ದೇನೋ ಸರಿ, ಆದರೆ 'ಇಲ್ಲ' ಎಂಬ ಬಾಲವಿಲ್ಲದೆ ಅದನ್ನು ನಾವು ಬಳಸುವುದೇ ಅಪರೂಪ.

ನನ್ನ ಮನೆ ಚಳ್ಳಕೆರೆಯಲ್ಲಿ, ಶಾಲೆ ಮೊಳಕಾಲ್ಮೂರಿನ ಕಡೆ. ಬೆಳಗಿನ ಬಸ್ಸು ತಳಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಹೋಗುತ್ತದೆ. ಶಾಲೆಗೆ ಕಾಲಿಟ್ಟ ಮೇಲೆ ಪಾಠವೊಂದೇ ಕೆಲಸವಲ್ಲ. ಹಾಲು ಕೊಡಬೇಕು, ಮೊಟ್ಟೆಯ ಲೆಕ್ಕ ಬರೆಯಬೇಕು, ಮಕ್ಕಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬಬೇಕು. ಆಗಾಗ ಚುನಾವಣೆ ಕೆಲಸ, ಗಣತಿ ಕೆಲಸ. ಸಂಜೆ ಹತ್ತನೇ ತರಗತಿಗೆ ವಿಶೇಷ ತರಗತಿ. ಮನೆಗೆ ಬರುವ ಹೊತ್ತಿಗೆ ಬೀದಿದೀಪ ಹತ್ತಿರುತ್ತದೆ. ಇದು ನನ್ನೊಬ್ಬನ ಕಥೆಯಲ್ಲ, ಎಲ್ಲ ಮೇಷ್ಟ್ರುಗಳದ್ದೂ ಇದೇ.

ನಮ್ಮದು ಕ್ರೈಸ್ತ ಕುಟುಂಬ. ಚಿಕ್ಕಂದಿನಲ್ಲಿ ಬೆಳಗ್ಗೆ ಐದಕ್ಕೆ ನಮ್ಮವ್ವ ಎಬ್ಬಿಸಿ, ಚಾಪೆಯ ಮೇಲೆ ಕೂರಿಸಿ ಪ್ರಾರ್ಥನೆ ಮಾಡಿಸುತ್ತಿದ್ದಳು. "ಹೋಂವರ್ಕ್ ಮುಗಿಸಿ ಆಮೇಲೆ ಮಾಡ್ತೀನವ್ವ" ಅಂದರೆ, "ಕೆಲಸ ಮುಗಿಯಲ್ಲ ಮಗಾ, ನೀನೇ ಸುಸ್ತಾಗ್ತೀಯ" ಅನ್ನುತ್ತಿದ್ದಳು. ಓದು ಬರಹ ಬಾರದ ಆಕೆ ಹೇಳಿದ ಈ ಮಾತು ಬಿ.ಇಡಿ. ತರಗತಿಯಲ್ಲಿ ಕಲಿತ ವೇಳಾಪಟ್ಟಿ ಪಾಠಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಈಗ ಬಸ್ಸಿನಲ್ಲಿ ನಾನೊಂದು ಕೆಲಸ ಮಾಡುತ್ತೇನೆ. ತಳಕು ದಾಟಿದ ಮೇಲೆ ಕಣ್ಣು ಮುಚ್ಚಿ, ಹಾಜರಿ ಪುಸ್ತಕದ ಐದು ಹೆಸರುಗಳನ್ನು ಒಂದೊಂದಾಗಿ ನೆನೆದು ದೇವರಿಗೆ ಒಪ್ಪಿಸುತ್ತೇನೆ. ನಾಳೆಗೆ ಮುಂದಿನ ಐದು. ಕಂಡಕ್ಟರಿಗೆ ನಾನು ನಿದ್ದೆ ಮಾಡುತ್ತಿದ್ದೇನೆ ಎಂದೇ ನಂಬಿಕೆ. ಒಬ್ಬಳಿಗೆ ಕನ್ನಡಕ ಬೇಕು, ಇನ್ನೊಬ್ಬನ ಅಪ್ಪ ದುಡಿಯಲು ಬೆಂಗಳೂರಿಗೆ ಹೋದವರು ಹಬ್ಬಕ್ಕೂ ಬಂದಿಲ್ಲ. ಇವೆಲ್ಲ ಆಗ ನೆನಪಿಗೆ ಬರುತ್ತವೆ. ಬಸ್ಸಿಳಿದಾಗ ನಾನು ಹತ್ತನೇ 'ಎ' ವಿಭಾಗಕ್ಕೆ ಹೋಗುತ್ತಿರುವುದಿಲ್ಲ, ಆ ಐವರನ್ನು ನೋಡಲು ಹೋಗುತ್ತಿರುತ್ತೇನೆ. ದಣಿವೇನೂ ಕಡಿಮೆಯಾಗುವುದಿಲ್ಲ, ಬೇಸರ ಮಾತ್ರ ಹತ್ತಿರ ಸುಳಿಯುವುದಿಲ್ಲ. ತರಗತಿಯಲ್ಲಿ ನಾನು ಧರ್ಮದ ಮಾತು ಆಡುವವನಲ್ಲ, ಅಲ್ಲಿ ವಿಜ್ಞಾನವೇ ಪಾಠ. ಪ್ರಾರ್ಥನೆ ಬಸ್ಸಿಗೆ ಸೇರಿದ್ದು.

ಅನುವಂಶೀಯತೆಯ ಪಾಠ ಬಂದಾಗ ಮಕ್ಕಳಿಗೆ ಮೆಂಡೆಲ್‌ನ ವಿಷಯ ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ. ಆತ ಬ್ರನೋ ಪಟ್ಟಣದ ಮಠದ ಸನ್ಯಾಸಿ, ಜೊತೆಗೆ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಎರಡು ಸಲ ಕುಳಿತರೂ ಪಾಸಾಗಲಿಲ್ಲ ಎಂದಾಗ ಹಿಂದಿನ ಬೆಂಚಿನವರು ನೆಟ್ಟಗೆ ಕೂರುತ್ತಾರೆ! 1856ರಿಂದ 1863ರವರೆಗೆ ಮಠದ ಪ್ರಾರ್ಥನೆ, ಶಾಲೆಯ ಪಾಠ ಇವುಗಳ ನಡುವೆಯೇ ಆತ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ ಎಣಿಸಿದ. 1866ರಲ್ಲಿ ಅಚ್ಚಾದ ಲೇಖನವನ್ನು ಹೆಚ್ಚು ಜನ ಗಮನಿಸಲೇ ಇಲ್ಲ. 1884ರಲ್ಲಿ ತೀರಿಕೊಂಡ, ಜಗತ್ತಿಗೆ ಅವನ ಬೆಲೆ ತಿಳಿದದ್ದು 1900ರಲ್ಲಿ. ಯಾರೂ ಶಹಬ್ಬಾಸ್ ಅನ್ನದ ಕೆಲಸವನ್ನು ಏಳೆಂಟು ವರ್ಷ ಹಿಡಿದು ಮಾಡಲು ಒಳಗೆ ಏನೋ ಒಂದು ಇರಬೇಕಷ್ಟೆ.

ನಮ್ಮ ಕನ್ನಡದಲ್ಲೇ ಕಿಟೆಲ್ ಇದ್ದಾರಲ್ಲ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಪಾದ್ರಿ. ಬಂದದ್ದು ಸುವಾರ್ತೆ ಸಾರಲು, ಮಾಡಿದ್ದು ಹಳ್ಳಿ ಜನರ ಬಾಯಿಂದ, ಹಳೆಯ ಕಾವ್ಯಗಳಿಂದ ಪದಗಳನ್ನು ಆರಿಸುವ ಕೆಲಸ. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅರ್ಥ ಬಿಡಿಸಲು ಅಲ್ಲಲ್ಲಿ ನಮ್ಮ ಗಾದೆಗಳನ್ನೂ ಕೊಟ್ಟಿದ್ದಾರೆ. ಗಾದೆ ಬರೆದುಕೊಳ್ಳಬೇಕಾದರೆ ಆಡುವವರ ಎದುರು ಪುರುಸೊತ್ತಾಗಿ ಕೂರಬೇಕು. ಅವಸರದ ಮನುಷ್ಯನಿಗೆ ಯಾರೂ ಗಾದೆ ಹೇಳುವುದಿಲ್ಲ. ನನಗೆ ಕಿಟೆಲ್ ದೊಡ್ಡವರಾಗಿ ಕಾಣುವುದು ಪದಗಳ ಲೆಕ್ಕಕ್ಕಿಂತ ಹೀಗೆ ಕೂತದ್ದಕ್ಕೆ.

ಇನ್ನು ಭಾನುವಾರದ ವಿಷಯ. ಈ ಸಲ ಪರೀಕ್ಷೆ ಹತ್ತಿರವಾದಾಗ ಪೋಷಕರ ಸಭೆಯಲ್ಲಿ, ಭಾನುವಾರವೂ ವಿಶೇಷ ತರಗತಿ ಇಡಬೇಕೆಂಬ ಮಾತು ಬಂತು. ವಾರದ ಆರು ದಿನ ಸಂಜೆ ಎಷ್ಟು ಹೊತ್ತಾದರೂ ಇರುತ್ತೇನೆ, ಭಾನುವಾರ ಬೇಡ ಎಂದೆ. ಒಬ್ಬ ತಂದೆ ಎದ್ದು ನಿಂತು, "ನಿಮಗೆ ಚರ್ಚೈತೆ ಸಾರ್, ಹೋಗ್ತೀರ. ನಮ್ ಹುಡುಗ್ರಿಗೆ ಏನೈತೆ?" ಎಂದರು. ಸಿಟ್ಟಿನ ಮಾತಲ್ಲ, ನಿಜವಾದ ಪ್ರಶ್ನೆ.

ಸತ್ಯವೇದದಲ್ಲಿ ಮನ್ನದ ಕಥೆಯಿದೆ. ಮರುಭೂಮಿಯಲ್ಲಿ ಅಲೆಯುತ್ತಿದ್ದ ಜನರಿಗೆ ದೇವರು ದಿನವೂ ಅಂದಂದಿನ ಆಹಾರ ಕೊಟ್ಟ. ನಾಳೆಗಿರಲಿ ಎಂದು ಕೂಡಿಟ್ಟವರ ಪಾತ್ರೆಯಲ್ಲಿ ಹುಳು ಬಿತ್ತು. ಆರನೆಯ ದಿನ ಮಾತ್ರ ಎರಡು ದಿನದ್ದು ಸಿಕ್ಕಿತು, ಅದು ಕೆಡಲಿಲ್ಲ. ಏಳನೆಯ ದಿನ ಹುಡುಕಿ ಹೋದವರಿಗೆ ಏನೂ ಸಿಗಲಿಲ್ಲ. ಈ ಕಥೆಯನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಹೇಳಿದ್ದಿಷ್ಟೆ: "ನಿಮ್ಮ ಹುಡುಗ ಎಲ್ಲಿಗೂ ಹೋಗಬೇಕಿಲ್ಲ. ಮಾರ್ಕ್ಸು ಎಷ್ಟು ಅಂತ ಯಾರೂ ಕೇಳದ ಒಂದು ದಿನ ಅವನಿಗೆ ಇರಲಿ. ಅವನು ನಿಮಗೆ ಬೇಕಾದವನು ಅಂತ ಅವನಿಗೆ ಗೊತ್ತಾಗೋದು ಆವತ್ತೇ." ಅವರಿಗೆ ಒಪ್ಪಿಗೆಯಾಗಲಿಲ್ಲ. ಮಗನನ್ನು ಭಾನುವಾರದ ಟ್ಯೂಷನ್ನಿಗೆ ಬೇರೆ ಕಡೆ ಸೇರಿಸಿದರು. ತಂದೆಯ ಆತಂಕ ನನಗೆ ಅರ್ಥವಾಗುತ್ತದೆ, ಮಳೆ ನಂಬಿ ಶೇಂಗಾ ಬಿತ್ತುವವರ ಮನೆಯಲ್ಲಿ ಹತ್ತನೇ ತರಗತಿ ಸಣ್ಣ ಮಾತಲ್ಲ. ಆ ಹುಡುಗನ ಹೆಸರೂ ನನ್ನ ಬಸ್ಸಿನ ಪಟ್ಟಿಯಲ್ಲಿದೆ.

ಉಳಿದವರಿಗೆ ಭಾನುವಾರ ರಜೆಯೇ ಆಯಿತು. ಮಗ್ಗದ ಮನೆಯ ಹುಡುಗಿಯೊಬ್ಬಳು ಸೋಮವಾರ ಬೆಳಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನ ಎಂಟು ಗಂಟೆವರೆಗೆ ಮಲಗಿದ್ದಳಂತೆ. ಎದ್ದು ಅಜ್ಜಿಯ ಪಕ್ಕ ಕೂತು ಕಂಡಿಕೆ ಸುತ್ತುತ್ತಾ ಮಾತಾಡಿದಳಂತೆ. "ಸಾರ್, ಹತ್ತಿ ನೂಲು ಒದ್ದೆಯಾದ್ರೆ ಗಟ್ಟಿ ಆಗುತ್ತೆ, ರೇಷ್ಮೆ ಒದ್ದೆಯಾದ್ರೆ ಬೇಗ ಕಿತ್ತೋಗುತ್ತೆ ಅಂತಾಳೆ ಅಜ್ಜಿ. ನಿಜಾನಾ?"

ಪಠ್ಯಪುಸ್ತಕದಲ್ಲಿಲ್ಲದ ಪ್ರಶ್ನೆ. ಅಜ್ಜಿ ಹೇಳಿದ್ದು ನಿಜವೂ ಹೌದು. ಆದರೆ ನಾನು ಉತ್ತರ ಹೇಳಲಿಲ್ಲ. ಮಾರನೆಯ ದಿನ ಎರಡೂ ಬಗೆಯ ನೂಲು ತರಲು ಹೇಳಿ, ಪ್ರಯೋಗಶಾಲೆಯ ತೂಕದ ಬಟ್ಟುಗಳನ್ನು ಹೊರತೆಗೆದೆ. ಒಣ ನೂಲಿಗೊಮ್ಮೆ, ಒದ್ದೆ ನೂಲಿಗೊಮ್ಮೆ ಕಟ್ಟಿ ತೂಗುಬಿಟ್ಟೆವು. ಊಟದ ಬೆಲ್ ಹೊಡೆದದ್ದು ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ.